ಕುಸುಮಕ್ಕ ಕುಡಿದ ಕಷಾಯ

"ದಯವಿಟ್ಟು ಅದನ್ನು ಮೇಜಿನ ಮೇಲೆ ಇಡಬೇಡಿ" ಎಂದರು ಡಾಕ್ಟರ್ ಗೋವರ್ಧನ.

ಕುಸುಮಕ್ಕ ಇಟ್ಟರು. ಟಣ್ಣನೆ ಸದ್ದಾಗುವ ಹಾಗೆ ಇಟ್ಟರು.

ಮುಖ ಕಾಣುವಷ್ಟು ಹೊಳೆಯುವ ಆ ಉದ್ದ ಮೇಜಿನ ನಟ್ಟನಡುವೆ, ಬಾಯಿಗೆ ಬಾಳೆಲೆ ಕಟ್ಟಿದ ಒಂದು ಪಾತ್ರೆ. ತಳದ ಮಸಿ ಮೇಜಿಗೆ ಉಂಗುರದ ಹಾಗೆ ಅಂಟಿತು. ಡಾಕ್ಟರರ ಹುಬ್ಬು ಗಂಟಿಕ್ಕಿದ್ದು ಕಂಡು ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಸಾಡಿ ಅಮಾವಾಸ್ಯೆಯ ಬೆಳಿಗ್ಗೆ ಅಕ್ಕ ತಂದುಕೊಟ್ಟ ಹಾಲೆ ಕೆತ್ತೆ ಕಷಾಯ ಕುಡಿದೇ ಡಾಕ್ಟರ್ ರಾಜೇಂದ್ರ ಸತ್ತದ್ದು ಎಂದು ಬೈಂದೂರಿನಿಂದ ಬ್ರಹ್ಮಾವರದವರೆಗೆ ಜನ ಆಡಿಕೊಳ್ಳುತ್ತಿದ್ದರು. ಆ ಅಕ್ಕ ಇವರೇ. ಅದೇ ಮರದ ಕೆತ್ತೆ ತಂದು, ಅದೇ ಕಷಾಯ ಕಾಯಿಸಿ, ತಮ್ಮ ರಾಜೇಂದ್ರ ಸತ್ತ ಕಟ್ಟಡಕ್ಕೇ ಹೊತ್ತುಕೊಂಡು ಬಂದಿದ್ದರು.

ಘಟ್ಟದ ಮೇಲಿನವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಕೆತ್ತೆ ಅಂದರೆ ತೊಗಟೆ. ವರ್ಷಕ್ಕೆ ಒಂದೇ ದಿನ, ಆಸಾಡಿ ಅಮಾವಾಸ್ಯೆಯಂದು, ಬಿಸಿಲು ಬೀಳುವ ಮೊದಲು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆ ಮರದ ತೊಗಟೆಯ ಕಷಾಯವನ್ನು ನಾವು ಬರಿಹೊಟ್ಟೆಯಲ್ಲಿ ಕುಡಿಯುತ್ತೇವೆ. ಮಳೆಗಾಲದ ರೋಗವೆಲ್ಲ ದೂರ ಎಂದು ನಂಬಿಕೆ. ಕತ್ತಲಲ್ಲಿ ಮರ ತಪ್ಪಿದರೆ ಜೀವಕ್ಕೇ ಕುತ್ತು ಎಂಬುದೂ ಎಲ್ಲರಿಗೂ ಗೊತ್ತು. ಹಾಗಾಗಿ ರಾಜೇಂದ್ರರ ರಕ್ತದಲ್ಲಿ ಹೊಳೆಬದಿಯ ಒಂದು ಕಾಡುಮರದ ವಿಷವಿದೆ ಎಂದು ಮಂಗಳೂರಿನ ಲ್ಯಾಬಿನಿಂದ ವರದಿ ಬಂದದ್ದೇ ತಡ, ಎಲ್ಲರ ಬೆರಳೂ ಕುಸುಮಕ್ಕನ ಕಡೆ ತಿರುಗಿತು.

ತೆಕ್ಕಟ್ಟೆಯ ಹೆದ್ದಾರಿ ಬದಿಯ ಹೃದಯ ಸಂಶೋಧನಾ ಸಂಸ್ಥೆ ಅದು. ಮೀಟಿಂಗ್ ಹಾಲಿನಲ್ಲಿ ಇದ್ದವರು ನಾವು ಕೆಲವೇ ಜನ. ಮೇಜಿನ ತಲೆಯಲ್ಲಿ ಸಂಸ್ಥೆಯ ಮುಖ್ಯಸ್ಥ ಡಾಕ್ಟರ್ ಗೋವರ್ಧನ. ದೇಶದ ದೊಡ್ಡ ದೊಡ್ಡವರ ಹೃದಯಕ್ಕೆಲ್ಲ ಕೈ ಹಾಕಿದವರು, ಬ್ರಹ್ಮಾವರದವರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಐಸಿಯುವಿನ ಮುಖ್ಯ ವೈದ್ಯೆ ಡಾಕ್ಟರ್ ರಮಿತಾ. ಅವರು ಗೋವರ್ಧನರ ಶಿಷ್ಯೆ. ಗೋಡೆಗೆ ಒರಗಿ ನಿಂತವರು ಇನ್ಸ್‌ಪೆಕ್ಟರ್ ಭೋಜ. ಕುಸುಮಕ್ಕನ ಪಕ್ಕ ಅವರ ಮಗಳು ನಿಶ್ಮಿತಾ. ಸೋದರಮಾವ ರಾಜೇಂದ್ರರ ಕೈಕೆಳಗೆ ಇದೇ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ.

ಮತ್ತೆ ನಾನು, ಬೈಂದೂರಿನ ಸ್ವರ್ಣಲತಾ. ಮೇಲಿನವರ ಮಾತಿಗೆ ತಲೆಯಾಡಿಸಲಾಗದೆ ಪೊಲೀಸ್ ಕೆಲಸಕ್ಕೆ ಕೈಮುಗಿದು, ಕುಂದಾಪುರದಲ್ಲಿ ಪತ್ತೇದಾರಿಯ ಬೋರ್ಡು ಹಾಕಿಕೊಂಡವಳು, ಇವತ್ತು ಕುಸುಮಕ್ಕನ ಪರ.

"ಕುಸುಮಕ್ಕ" ಎಂದು ಭೋಜ ಗಂಟಲು ಸರಿಮಾಡಿಕೊಂಡರು. "ಸಂಜೆ ಒಳ್ಗ್ ನಾ ರಿಪೋರ್ಟ್ ಕೊಡ್ಕ್. ಮೇಲಿನವ್ರ್ ಫೋನ್ ಮೇಲ್ ಫೋನ್ ಮಾಡ್ತಿದ್ರ್. ನೀವ್ ಹೀಂಗೆಲ್ಲ ಹಟ ಮಾಡ್ರೆ ನಂಗೂ ಕಷ್ಟ."

"ನಿಮ್ ಕಷ್ಟ ನಂಗ್ ಅರ್ಥ ಆತ್ತ್ ಇನ್ಸ್‌ಪೆಕ್ಟ್ರೇ. ನನ್ ಕಷ್ಟ ನಿಮ್ಗ್ ಅರ್ಥ ಆತಿಲ್ಲೆ ಅಷ್ಟೇ."

ಗೋವರ್ಧನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿ ಬೆಣ್ಣೆಯ ಹಾಗೆ ಇತ್ತು.

"ನೋಡಿ ಕುಸುಮಕ್ಕ, ನೀವು ಬೇಕೆಂದು ಮಾಡಿದ್ದೀರಿ ಎಂದು ಯಾರೂ ಹೇಳುತ್ತಿಲ್ಲ. ಕತ್ತಲು, ಮಳೆ, ವಯಸ್ಸು. ಎರಡು ಮರಕ್ಕೂ ಬಿಳಿ ಹಾಲು ಬರುತ್ತದೆ. ಕೈತಪ್ಪಿನಿಂದ ಆಯಿತು ಎಂದು ಒಂದು ಮಾತು ಹೇಳಿ. ಕೇಸು ಹಗುರವಾಗುವಂತೆ ನಾನು ಮಾತಾಡುತ್ತೇನೆ. ನಾವೆಲ್ಲರೂ ನಿಮ್ಮನ್ನು ಕ್ಷಮಿಸಿಯಾಗಿದೆ."

"ಕ್ಷಮ್ಸೂಕೆ ನೀವ್ ಯಾರ್?"

ಕುಸುಮಕ್ಕ ಪಾತ್ರೆಯ ಮೇಲೆ ಕೈ ಇಟ್ಟರು.

"ನಮ್ಮನ್ನ್ ಹೆತ್ತ ಅಬ್ಬಿ ಸತ್ತಾಗ ಅಂವ ಇನ್ನೂ ಹಾಲ್ ಕುಡಿತಿದ್ದ" ಎಂದರು ಕುಸುಮಕ್ಕ. "ಎತ್ತಿ ಆಡ್ಸಿ ದೊಡ್ಡ್ ಮಾಡಿದೆ. ಡಾಕ್ಟ್ರ್ ಆದ್ಮೇಲೂ ಅಮಾಸಿ ಕಷಾಯ ನನ್ ಕೈಯಿಂದ್ಲೇ ಕುಡಿತಿದ್ದ. ನಮ್ಮೂರ್ ಕೊಕ್ಕರ್ಣೆಯಂಗೆ ಯಾರ್ನ ಬೇಕಾರೂ ಕೇಣಿ, ಆ ಮರ ಯಾವ್ದಂದೇಳಿ. ನಾಳಿಕ್ ನಾ ಪ್ಯಾಟಿಗ್ ಹೋದ್ರೆ 'ತಮ್ಮನ್ನ ಕೊಂದದ್ದ್ ಇದೇ' ಅಂದೇಳಿ ಜನ ತೋರ್ಸ್ಕ್, ನೀವ್ ಇಲ್ ಕೂಕಂಡ್ ಕ್ಷಮ್ಸ್ಕ್. ಚಂದ ಇತ್ತ್ ನಿಮ್ ಲೆಕ್ಕ."

ನನಗೆ ಚಪ್ಪಾಳೆ ತಟ್ಟಬೇಕು ಅನಿಸಿತು. ತಟ್ಟಲಿಲ್ಲ.

"ಡಾಕ್ಟ್ರೇ" ಎಂದೆ, "ಇವತ್ತು ಬೆಳಿಗ್ಗೆ ನಾನೂ ಇನ್ಸ್‌ಪೆಕ್ಟರೂ ಕೊಕ್ಕರ್ಣೆಗೆ ಹೋಗಿದ್ದೆವು. ಕುಸುಮಕ್ಕ ತೋರಿಸಿದ್ದು ಹಾಲೆ ಮರವೇ. ಅಮಾವಾಸ್ಯೆಯಂದು ಜಜ್ಜಿದ ಗಾಯ ಅದರ ಮೈಮೇಲೆ ಇನ್ನೂ ಇದೆ. ಅದರ ಪಕ್ಕದಲ್ಲೇ ಇವತ್ತಿನ ಕೆತ್ತೆ ತೆಗೆದದ್ದು. ನೀವು ಹೇಳುವ ಆ ವಿಷದ ಮರ ಉಪ್ಪುನೀರು ಬರುವ ಹೊಳೆಬದಿಯದ್ದು. ಕೊಕ್ಕರ್ಣೆಯ ತೋಡು, ಗದ್ದೆ ಬದಿ ಎಲ್ಲ ತಿರುಗಿದೆ. ನನಗೆ ಒಂದೂ ಕಾಣಲಿಲ್ಲ."

"ಊರಿಡೀ ಜನ ಕೆತ್ತೆ ತೆಗೆಯುವ ಮರ. ಆ ಗಾಯ ಯಾರು ಮಾಡಿದ್ದು ಅಂತ ಹೇಗೆ ಹೇಳುತ್ತೀರಿ? ಇವತ್ತಿನ ಕಷಾಯ ಸರಿ ಇದ್ದರೆ ಅವತ್ತಿನದೂ ಸರಿ ಇತ್ತು ಅಂತ ಆಗುವುದಿಲ್ಲ ಮೇಡಂ. ಅದು ವಿಜ್ಞಾನವಲ್ಲ."

"ವಿಜ್ಞಾನ ನಿಮ್ಗೇ ಇರ್ಲಿ" ಎಂದು ಕುಸುಮಕ್ಕ ಬಾಳೆಲೆ ಬಿಚ್ಚಿದರು. ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಘಾಟು ಆ ತಣ್ಣನೆಯ ಹಾಲಿನ ತುಂಬ ಹಬ್ಬಿತು. "ಅಮಾಸಿ ಕಳ್ದ್ ಹಾಲೆ ಕೆತ್ತೆ ಮುಟ್ಟೂಕಾಗ ಅಂಬುದ್ ನಂಗೂ ಗೊತ್ತಿತ್ತ್. ದೋಷ ಬಪ್ಪುದಾದ್ರೆ ಬರ್ಲಿ. ನಿಶ್ಮಿ, ಬಗ್ಸ್."

ನಿಶ್ಮಿತಾ ಚೀಲದಿಂದ ಮನೆಯ ಸ್ಟೀಲ್ ಲೋಟಗಳನ್ನು ತೆಗೆದು ಬಗ್ಗಿಸಿದಳು. ಕೈ ಒಂದಿಷ್ಟೂ ನಡುಗಲಿಲ್ಲ.

"ಇನ್ಸ್‌ಪೆಕ್ಟರ್, ಅವರನ್ನು ತಡೆಯಿರಿ" ಎಂದರು ಗೋವರ್ಧನ. "ಏನಾದರೂ ಆದರೆ ಸಂಸ್ಥೆ ಹೊಣೆಯಲ್ಲ."

ಭೋಜ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಅಷ್ಟರಲ್ಲಿ ಕುಸುಮಕ್ಕ ಲೋಟ ಎತ್ತಿ ಗಟಗಟ ಕುಡಿದಾಗಿತ್ತು. ಆ ಕಹಿಗೆ ಮುಖ ಕಿವುಚದವರನ್ನು ನಾನು ಅದೇ ಮೊದಲು ಕಂಡದ್ದು. ಖಾಲಿ ಲೋಟವನ್ನು ಮೇಜಿನ ಮೇಲೆ ಕವುಚಿ ಹಾಕಿ, ಗೋವರ್ಧನರ ಮುಖವನ್ನೇ ನೋಡುತ್ತ ಕೂತರು.

ಎರಡನೆಯ ಲೋಟವನ್ನು ಯಾರೂ ಹೇಳದೆಯೇ ನಿಶ್ಮಿತಾ ಕುಡಿದಳು. ಮೂರನೆಯದನ್ನು ನನ್ನ ಕಡೆ ತಳ್ಳಿದಳು. ಕುಡಿದೆ. ಧೈರ್ಯ ಗೀರ್ಯ ಎಲ್ಲ ಇರಲಿ, ಕಹಿಗೆ ಕಣ್ಣಲ್ಲಿ ನೀರು ಬಂತು.

"ನಿಮ್ಗ್ ಸಾರ್?" ಎಂದಳು ಹುಡುಗಿ ಭೋಜರಿಗೆ.

"ನಂದ್ ಅಮಾಸಿ ದಿನವೇ ಆಯ್ತ್ ಮಾರಾಯ್ತಿ" ಎಂದು ಅವರು ಮತ್ತೆ ಗೋಡೆಗೇ ಒರಗಿದರು.

ರಮಿತಾ ಕುರ್ಚಿಯಿಂದ ಅರ್ಧ ಎದ್ದು, ಕುಸುಮಕ್ಕನ ಮುಖ ನೋಡಿ, ಮತ್ತೆ ಕೂತರು. ಏನೂ ಆಗಲಿಲ್ಲ. ಆಗಬೇಕಾದದ್ದೂ ಇರಲಿಲ್ಲ. ಆದರೆ ಗೋವರ್ಧನರು ಹೇಳಿದ್ದರಲ್ಲಿ ಒಂದು ಮಾತು ನಿಜ. ಈ ಕಷಾಯದಿಂದ ಕುಸುಮಕ್ಕನ ಧೈರ್ಯ ರುಜುವಾತಾಯಿತೇ ಹೊರತು ಅವರ ಮೇಲಿನ ಕೇಸು ಬಿದ್ದುಹೋಗುವುದಿಲ್ಲ. ಅದಕ್ಕೆ ನನ್ನ ಹತ್ತಿರ ಬೇರೆ ದಾರಿ ಇತ್ತು.

ಹಿಂದಿನ ಸಂಜೆ ಕೋಡಿಯ ಕಡಲ ಬದಿಯಲ್ಲಿ ರಮಿತಾ ನನಗೆ ಒಂದೇ ಒಂದು ವಿಷಯ ಹೇಳಿದ್ದರು. ರಾಜೇಂದ್ರರನ್ನು ಐಸಿಯುವಿಗೆ ತಂದಾಗ ನಾಡಿ ಕುಸಿಯುತ್ತಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ರಮಿತಾ ಸಿರಿಂಜಿಗೆ ಕ್ಯಾಲ್ಸಿಯಂ ಎಳೆದು ಇನ್ನೇನು ಕೊಡಬೇಕು, ಅಷ್ಟರಲ್ಲಿ ಓಡಿಬಂದ ಗೋವರ್ಧನ ಅವರ ಕೈ ಹಿಡಿದು "ಅದು ಬೇಡ" ಎಂದರಂತೆ. "ಯಾಕೆ ಅಂತ ನಾನು ಕೇಳಲಿಲ್ಲ, ಅವರು ನನ್ನ ಗುರುಗಳು" ಎಂದು ರಮಿತಾ ಎದ್ದು ಹೋಗಿದ್ದರು.

ಪಿಯುಸಿಯಲ್ಲಿ ಸೈನ್ಸ್ ಓದಿ ಪಾಸಾಗಲು ಒದ್ದಾಡಿದವಳು ನಾನು. ಆ ಮಾತಿನ ಅರ್ಥ ಕೇಳಲು ಬೈಂದೂರಿನ ಹಳೆಯ ಪರಿಚಯದ ಡಾಕ್ಟರರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಕೇಳಿ ನನ್ನ ಕಿವಿ ನೆಟ್ಟಗಾಯಿತು.

ಆದರೆ ಗೋವರ್ಧನರಂತಹ ಮನುಷ್ಯನ ಎದುರು ಅದನ್ನು ನಾನು ಹೇಳಿದರೆ ಏನು ಬೆಲೆ? ನಕ್ಕು ಬಿಡುತ್ತಾರೆ. ಅದು ಅವರ ಬಾಯಿಂದಲೇ ಬರಬೇಕಿತ್ತು. ಹೇಗೆ ಬರಿಸುವುದು ಎಂಬುದು ಅವರ ಜೊತೆ ಎರಡು ಸಲ ಮಾತಾಡಿದ ಮೇಲೆ ನನಗೆ ತಿಳಿದಿತ್ತು. ಬದುಕಿಡೀ ರೋಗಿಯ ಮಂಚದ ಪಕ್ಕ ನಿಂತು ಕಿರಿಯರಿಗೆ ಪ್ರಶ್ನೆ ಕೇಳಿ ಕೇಳಿ, ತಪ್ಪು ಉತ್ತರ ಕಿವಿಗೆ ಬಿದ್ದರೆ ಸುಮ್ಮನಿರುವುದು ಅವರಿಂದ ಆಗದ ಕೆಲಸವಾಗಿತ್ತು.

"ರಾಜೇಂದ್ರರಿಗೆ ಹಾರ್ಟ್ ಅಟ್ಯಾಕ್ ಆಗಿ ಐಸಿಯುವಿಗೆ ತಂದಿರಿ" ಎಂದು ಶುರು ಮಾಡಿದೆ.

"ಹಾರ್ಟ್ ಅಟ್ಯಾಕ್ ಅಲ್ಲ" ಎಂದರು ಗೋವರ್ಧನ ತಕ್ಷಣ. "ಹೃದಯದ ಒಳಗೆ ಬಡಿತ ಸಾಗುವ ದಾರಿ ಕಟ್ಟಿಹೋಯಿತು. ಎರಡೂ ಬೇರೆ ಬೇರೆ."

ಕಂಡಿರಾ?

"ತಪ್ಪಾಯಿತು. ಡಾಕ್ಟರ್ ರಮಿತಾ, ನನಗೆ ತಿಳಿಯದ್ದಕ್ಕೆ ಕೇಳುತ್ತೇನೆ. ಒಬ್ಬ ರೋಗಿ ಬರುತ್ತಾನೆ. ಪೊಟ್ಯಾಸಿಯಂ ವಿಪರೀತ ಏರಿದೆ, ನಾಡಿ ಬೀಳುತ್ತಿದೆ. ಮೊದಲು ಏನು ಕೊಡುತ್ತೀರಿ?"

ರಮಿತಾ ನನ್ನನ್ನು ನೋಡಿದರು. "ಕ್ಯಾಲ್ಸಿಯಂ."

"ಎಲ್ಲರಿಗೂ?"

"ಎಲ್ಲರಿಗೂ. ಹೃದಯಕ್ಕೆ ಅದೇ ರಕ್ಷಣೆ."

"ಯಾವತ್ತೂ ಕೊಡದೆ ಇರುವುದಿಲ್ಲವಾ?"

"ಇಲ್ಲ. ಯಾವತ್ತೂ ಕೊಡಬೇಕು."

"ಯಾವತ್ತೂ ಅಲ್ಲ ರಮಿತಾ!" ಗೋವರ್ಧನ ಮೇಜಿನ ಮೇಲೆ ಬೆರಳು ಕುಟ್ಟಿದರು. "ಇಷ್ಟು ವರ್ಷ ನನ್ನ ಜೊತೆ ಕೆಲಸ ಮಾಡಿ ಈ ಉತ್ತರವಾ? ಡಿಜಾಕ್ಸಿನ್ ಜಾತಿಯ ವಿಷ ಒಳಗೆ ಹೋಗಿದ್ದರೆ ಕೊಡುವುದಿಲ್ಲ. ಕೊಟ್ಟರೆ ಹೃದಯ ಕಲ್ಲಿನಂತೆ ಸೆಟೆದು ನಿಲ್ಲುತ್ತದೆ ಎಂದು ನಮ್ಮ ಗುರುಗಳು ಕಲಿಸಿದ್ದರು. ಈಗಿನವರು ಅದನ್ನು ಒಪ್ಪುವುದಿಲ್ಲ, ಪೇಪರ್ ಮೇಲೆ ಪೇಪರ್ ಬರೆಯುತ್ತಾರೆ. ನಾನು ಇವತ್ತಿಗೂ ಆ ಒಂದು ಸಂದರ್ಭದಲ್ಲಿ ಮಾತ್ರ..."

ಅಲ್ಲಿಗೆ ನಿಂತರು.

"ಆ ಒಂದು ಸಂದರ್ಭದಲ್ಲಿ ಮಾತ್ರ ಕೈ ಹಿಡಿದು ತಡೆಯುತ್ತೀರಿ" ಎಂದೆ. "ಅವತ್ತು ರಮಿತಾರ ಕೈ ಹಿಡಿದ ಹಾಗೆ."

ಅವರು ರಮಿತಾರ ಕಡೆ ತಿರುಗಿದರು. ರಮಿತಾ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಅವತ್ತು ರಕ್ತದ ವರದಿ ಬಂದಿರಲಿಲ್ಲ" ಎಂದು ನಾನು ಎದ್ದೆ. "ಕಷಾಯದ ಸುದ್ದಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುಸುಮಕ್ಕ ಬೆಳಿಗ್ಗೆ ತಮ್ಮನಿಗೆ ಕುಡಿಸಿ, ಮನೆಯಲ್ಲಿ ಮೆಂತೆ ಗಂಜಿ ಮಾಡಬೇಕು ಎಂದು ಬಸ್ಸು ಹತ್ತಿಯಾಗಿತ್ತು. ವಿಷ ಎಂದು ಯಾರ ತಲೆಯಲ್ಲೂ ಇರಲಿಲ್ಲ. ನಿಮಗೆ ಮಾತ್ರ ಯಾವ ಜಾತಿಯ ವಿಷ ಎಂಬುದೂ ಗೊತ್ತಿತ್ತು. ಆ ಕಾಡುಮರದ ವಿಷವೂ ಅದೇ ಜಾತಿಯದ್ದು. ಹೇಗೆ ಡಾಕ್ಟ್ರೇ?"

"ಇದು ವಿಚಾರಣೆಯಲ್ಲ. ನೀವು ಪೊಲೀಸೂ ಅಲ್ಲ."

"ನಾನಿದ್ದೇನಲ್ಲ ಸಾರ್" ಎಂದರು ಭೋಜ. ಅವರು ಗೋಡೆ ಬಿಟ್ಟು ಬಾಗಿಲ ಹತ್ತಿರ ಬಂದು ನಿಂತಿದ್ದನ್ನು ನಾನು ಗಮನಿಸಿರಲಿಲ್ಲ. ಹಳೆಯ ಸಹೋದ್ಯೋಗಿಯ ಮೇಲೆ ನನಗೆ ಆ ಕ್ಷಣ ಪ್ರೀತಿ ಉಕ್ಕಿತು. "ಹೇಳಿ. ಹೇಂಗ್ ಗೊತ್ತಾಯ್ತ್?"

ಗೋವರ್ಧನ ಕುರ್ಚಿಗೆ ಒರಗಿದರು. ಮಾತಾಡಿದಾಗ ಅವರ ಬೆಣ್ಣೆಯಂತಹ ಕನ್ನಡ ಎಲ್ಲಿಗೋ ಹೋಗಿತ್ತು. ಬ್ರಹ್ಮಾವರದ ಹುಡುಗ ಮಾತಾಡಿದ.

"ಅಂವ ಫೋನ್ ಮಾಡಿದ. ಹಟಮಾರಿ. ನಾ ಬತ್ತೆ, ಅಲ್ಲಿವರಿಗ್ ತಡಿ ಅಂದೆ. ಕೇಂಡಿದ್ನಿಲ್ಲೆ."

"ಎಂತ ಮಾಡೂಕ್ ಹೊರಟಿದ್ದ ನನ್ ತಮ್ಮ?" ಕುಸುಮಕ್ಕನ ದನಿ ಸಣ್ಣದಾಯಿತು.

ಆಮೇಲೆ ಗೋವರ್ಧನ ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಹೊಳೆಬದಿಯ ಅದೇ ವಿಷದ ಮರದ ಬೀಜದಿಂದ ಸಂಸ್ಥೆ ಒಂದು ಹೊಸ ಮದ್ದು ತಯಾರಿಸಿತ್ತು. ಸೋತ ಹೃದಯಕ್ಕೆ ಬಲ ಕೊಡುವ ಮದ್ದು. ಅಳತೆ ತಪ್ಪಿದರೆ ಅದೇ ವಿಷ. ಗೋವರ್ಧನ ಗೊತ್ತುಮಾಡಿದ ಅಳತೆ ಹೆಚ್ಚಾಯಿತು ಎಂದು ರಾಜೇಂದ್ರ. ನಿನ್ನ ಲೆಕ್ಕವೇ ತಪ್ಪು ಎಂದು ಗೋವರ್ಧನ. ಅಮಾವಾಸ್ಯೆಯ ಮರುದಿನ ಅದನ್ನು ಮೊದಲ ಸಲ ಮನುಷ್ಯರಿಗೆ ಕೊಡುವುದೆಂದು ನಿಗದಿಯಾಗಿತ್ತು. ಒಪ್ಪಿ ಬಂದಿದ್ದವರು ಕೋಡಿಯ ಮೀನುಗಾರರು.

"ಫೋನಂಗೆ ಅಂವ ಹೇಳಿದ್ದ್ ಇಷ್ಟೇ. 'ಕೋಡಿಯವ್ರ ಮೈಯಂಗೆ ಕಾಂಬುಕಿಂತ ಮುಂಚೆ ನನ್ ಮೈಯಂಗೇ ಕಾಣಿ ಡಾಕ್ಟ್ರೇ. ನಾ ಹೇಳಿದ್ದ್ ಸುಳ್ಳಾರೆ ಮಧ್ಯಾಹ್ನ ನಿಮ್ ಎದ್ರ್ ಕೂಕಂಡ್ ಊಟ ಮಾಡ್ತೆ.' ಬ್ರಹ್ಮಾವರದಿಂದ ಕಾರ್ ಓಡ್ಸ್ಕಂಡ್ ಬಂದೆ. ಬಪ್ಪತ್ತಿಗ್ ಅಂವ ನೆಲದ್ ಮೇಲಿದ್ದ."

ಹೆದ್ದಾರಿಯಲ್ಲಿ ಒಂದು ಮೀನಿನ ಲಾರಿ ಹಾರ್ನ್ ಹಾಕುತ್ತ ಹೋಯಿತು.

"ನಾನು ಅವನನ್ನು ಉಳಿಸಲು ನೋಡಿದೆ" ಎಂದರು ಗೋವರ್ಧನ, ಮತ್ತೆ ಪೇಟೆಯ ಭಾಷೆಗೆ ಬರುತ್ತ. "ಅದಕ್ಕೇ ಕೈ ಹಿಡಿದದ್ದು. ಅಂತಹ ಹೊತ್ತಿನಲ್ಲಿ ಬೇರೆ ಏನನ್ನೂ ಯೋಚಿಸಲು ನಮಗೆ ಬರುವುದಿಲ್ಲ."

"ಉಳ್ಸೂಕ್ ಕಂಡ್ರಿ. ಒಪ್ತೆ" ಎಂದರು ಕುಸುಮಕ್ಕ. ಅವರ ಕಣ್ಣು ತುಂಬಿತ್ತು, ಕುತ್ತಿಗೆ ಮಾತ್ರ ಬಗ್ಗಿರಲಿಲ್ಲ. "ಅಂವ ಹೆದ್ರದೇ ಕುಡ್ದ. ನೀವ್ ಹೆದ್ರಿ ಅದ್ನ ನನ್ ತಲಿಗ್ ಕಟ್ಟಿದ್ರಿ. ಕಷಾಯ ಅಂದೇಳಿ ಇನ್ಸ್‌ಪೆಕ್ಟ್ರ್ ಕಿವಿಗ್ ಹಾಕಿದ್ದ್ ಯಾರ್?"

ಭೋಜ ನೆಲ ನೋಡಿದರು. ಅಷ್ಟೇ ಸಾಕಿತ್ತು.

"ಆ ಮದ್ದಿನ ಹಿಂದೆ ನಮ್ಮ ಇಡೀ ಆಯುಷ್ಯವಿದೆ" ಎಂದರು ಗೋವರ್ಧನ. "ಮುಖ್ಯ ಸಂಶೋಧಕನೇ ಅದನ್ನು ಕುಡಿದು ಸತ್ತ ಎಂದಾದರೆ ಮುಗಿಯಿತು. ಪ್ರಯೋಗವನ್ನು ನಾನೇ ನಿಲ್ಲಿಸಿದೆ. ಕೋಡಿಯ ಒಬ್ಬರಿಗೂ ಮದ್ದು ಕೊಟ್ಟಿಲ್ಲ. ಅಷ್ಟು ಮಾಡಿದ್ದೇನೆ."

ಮೈ ಉರಿಯಿತು ನನಗೆ. ಕೋಡಿಯವರನ್ನು ಉಳಿಸಿದ ಪುಣ್ಯವೂ ಇವರಿಗೇ ಬೇಕಂತೆ! ಅದಕ್ಕೆ ಜೀವ ಕೊಟ್ಟವನು ಸುಡುಗಾಡು ಸೇರಿಯಾಗಿದೆ, ಅವನ ಅಕ್ಕನ ಕೈಗೆ ಕೋಳ ಕಾಯುತ್ತಿದೆ.

ಆದರೆ ಸಿಟ್ಟಿನ ನಡುವೆಯೂ ಒಂದು ಸಂಗತಿ ನನ್ನನ್ನು ಚುಚ್ಚುತ್ತಿತ್ತು.

"ಡಾಕ್ಟ್ರೇ, ರಾಜೇಂದ್ರ ದಡ್ಡರಾಗಿರಲಿಲ್ಲ. ಅಳತೆ ಹೆಚ್ಚಾಗಿದೆ ಎಂದು ಗೊತ್ತಿದ್ದವರು, ಒಬ್ಬರೇ ಕೂತು ಅದನ್ನು ಕುಡಿಯುತ್ತಾರಾ?"

ಗೋವರ್ಧನ ಕನ್ನಡಕ ಎತ್ತಿ ಹಾಕಿಕೊಂಡರು.

"ವಿಷ ಇಳಿಸುವ ಮದ್ದು ಸಂಸ್ಥೆಯಲ್ಲಿ ಇರಲೇಬೇಕಲ್ಲ? ಪ್ರಯೋಗಕ್ಕೆ ಮೊದಲು ತರಿಸಿರುತ್ತೀರಿ."

"ತರಿಸಿದ್ದೆವು" ಎಂದರು ಕೊನೆಗೆ. "ಇಂತಹ ಕೆಲಸಕ್ಕೆ ಒಂದು ಕ್ರಮ ಇದೆ. ಮೈಮೇಲೆ ಪ್ರಯೋಗ ಮಾಡಿಕೊಳ್ಳುವವನ ಪಕ್ಕದಲ್ಲಿ, ವಿಷ ಇಳಿಸುವ ಮದ್ದು ಹಿಡಿದುಕೊಂಡು ಇನ್ನೊಬ್ಬರು ಕೂರಬೇಕು. ನಾಡಿ ಒಂದು ಮಟ್ಟಕ್ಕಿಂತ ಇಳಿದರೆ ಕೇಳದೆ ಕೊಡಬೇಕು. ರಾಜೇಂದ್ರ ಆ ಕ್ರಮ ಮೀರುವವನಲ್ಲ."

"ಅಂದರೆ ಯಾರೋ ಕೂತಿದ್ದರು."

"ನಾನು ಬಂದಾಗ ಯಾರೂ ಇರಲಿಲ್ಲ. ಆ ಮದ್ದೂ ಇರಲಿಲ್ಲ. ಇಡೀ ಸಂಸ್ಥೆ ಹುಡುಕಿಸಿದೆ, ಸಿಗಲಿಲ್ಲ."

ಭೋಜ ಒಂದು ಉದ್ದನೆಯ ಉಸಿರು ಬಿಟ್ಟರು. ಇಷ್ಟು ಹೊತ್ತು ಅದು ಒಬ್ಬ ಹಟಮಾರಿಯ ಸಾವಾಗಿತ್ತು. ಈಗ ಕೊಲೆಯಾಯಿತು.

"ಯಾರು ಕೂತದ್ದು ಎಂದು ನಿಮಗೆ ಗೊತ್ತಿದೆ" ಎಂದೆ.

"ಗೊತ್ತಿದೆ. ಹೇಳುವುದಿಲ್ಲ."

"ಸಾರ್..." ಎಂದರು ಭೋಜ.

"ಕೇಳಿ ಇನ್ಸ್‌ಪೆಕ್ಟರ್." ಗೋವರ್ಧನ ಎದ್ದು ನಿಂತರು. ಈಗ ಆ ಮುಖದಲ್ಲಿ ಸೋಲೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. "ಕಷಾಯದಲ್ಲಿ ದೋಷವಿರಲಿಲ್ಲ ಎಂದು ನಾನೇ ಹೇಳಿಕೆ ಕೊಡುತ್ತೇನೆ. ಪತ್ರಿಕೆಯವರನ್ನು ಕರೆದು ಇದೇ ಹಾಲಿನಲ್ಲಿ ಹೇಳುತ್ತೇನೆ. ರಾಜೇಂದ್ರ ತಾನಾಗಿ ಮದ್ದು ಕುಡಿದ, ನಾನು ಮುಚ್ಚಿಟ್ಟೆ. ಶಿಕ್ಷೆ ನನಗಾಗಲಿ. ಕುಸುಮಕ್ಕ ತಲೆಯೆತ್ತಿ ಮನೆಗೆ ಹೋಗಲಿ. ಆ ಹೆಸರನ್ನು ಮಾತ್ರ ಕೇಳಬೇಡಿ."

ಗೆದ್ದೆವು ಅನಿಸಿತು ನನಗೆ. ಕುಸುಮಕ್ಕ ಕೇಳಿದ್ದು ಇದನ್ನೇ. ಅವರ ಹೆಸರಿಗೆ ಹತ್ತಿದ ಮಸಿ, ಹಚ್ಚಿದವನ ಕೈಯಿಂದಲೇ ತೊಳೆದುಹೋಗುತ್ತಿತ್ತು. ಉಳಿದದ್ದನ್ನು ನಾನೂ ಭೋಜರೂ ನಾಳೆ ನೋಡಿಕೊಳ್ಳಬಹುದಿತ್ತು. ನಾನು ಕುಸುಮಕ್ಕನ ಭುಜ ಮುಟ್ಟಿದೆ. "ಹೋಪ ಅಕ್ಕ. ಸದ್ಯಕ್ಕ್ ಇಷ್ಟ್ ಸಾಕ್."

"ಸಾಕಾತಿಲ್ಲೆ" ಎಂದರು ಕುಸುಮಕ್ಕ.

"ಅಮ್ಮ, ಹೋಪ" ಎಂದಳು ನಿಶ್ಮಿತಾ. ತಾಯಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಿನ್ನ ಮೇಲಿನ ಮಾತ್ ಹೋಯ್ತಲ್ದಾ. ಬಾ, ಹೋಪ."

"ನನ್ನ ಮೇಲಿನ ಮಾತ್ ಹೋಯ್ತ್. ನನ್ ತಮ್ಮ ಹೋದದ್ದ್?" ಕುಸುಮಕ್ಕ ಕುರ್ಚಿಯಿಂದ ಕದಲಲಿಲ್ಲ. "ಅಂವ ನೆಲದ್ ಮೇಲ್ ಬಿದ್ದ್ ಒದ್ದಾಡ್ವತ್ತಿಗೆ, ಉಳ್ಸುವ ಮದ್ದ್ ಹಿಡ್ಕಂಡ್ ಎದ್ದ್ ಹೋದವ್ರ್ ಯಾರ್? ಹೇಳಿ ಡಾಕ್ಟ್ರೇ."

"ಕುಸುಮಕ್ಕ, ಬೇಡ."

"ಎಷ್ಟ್ ದೊಡ್ಡ್ ಜನ ಅವ್ರ್? ನಿಮ್ಕಿಂತ ದೊಡ್ಡವ್ರಾ? ಹೆದ್ರಿಕೆಯಾ?"

"ನಿಮಗಾಗಿಯೇ ಹೇಳುತ್ತಿಲ್ಲ."

"ನಂಗಾಗಿ ನೀವ್ ಎಂತದೂ ಮಾಡೂದ್ ಬೇಡ!" ಮೇಜಿನ ಮೇಲೆ ಅಂಗೈ ಬಡಿದ ರಭಸಕ್ಕೆ ಲೋಟಗಳು ಉರುಳಿದವು. "ಇನ್ಸ್‌ಪೆಕ್ಟ್ರೇ, ಕೇಣಿ. ಯಾರೇ ಆಯ್ಲಿ, ಎಷ್ಟ್ ದೊಡ್ಡವ್ರೇ ಆಯ್ಲಿ, ಅವ್ರನ್ನ ನೀವ್ ಹಿಡುದನ್ನ ಕಣ್ಣಾರೆ ಕಂಡೇ ನಾ ಇಲ್ಲಿಂದ ಏಳುದ್. ಇದ್ ನನ್ ಮಾತ್. ಈಗ ಹೇಳಿ ಡಾಕ್ಟ್ರೇ. ಗಂಡಸಾರೆ ಹೇಳಿ."

ಗೋವರ್ಧನ ಕಣ್ಣು ಮುಚ್ಚಿದರು.

"ಫೋನ್ ಇಡುವ ಮೊದಲು ಅವನು ಇನ್ನೊಂದು ಮಾತು ಹೇಳಿದ" ಎಂದರು. "'ಹೆದರಬೇಡಿ ಡಾಕ್ಟ್ರೇ, ನಿಶ್ಮಿತಾ ಪಕ್ಕದಲ್ಲೇ ಇದ್ದಾಳೆ' ಎಂದ."

ಕುಸುಮಕ್ಕ ನಕ್ಕರು. ನಿಜವಾಗಿಯೂ ನಕ್ಕರು. "ಸುಳ್ಳ್. ನನ್ ಮಗ್ಳ್ ಅವತ್ತ್ ಬೈಂದೂರಂಗೆ ಇತ್ತ್. ಅಲ್ಲಿ ಕ್ಯಾಂಪ್ ಇದ್ದಿತ್ತ್. ಅಲ್ದಾ ನಿಶ್ಮಿ?"

ಮಗಳು ತಾಯಿಯ ಕೈಯನ್ನು ಹಿಡಿದುಕೊಂಡೇ ಇದ್ದಳು. ಹಿಡಿತ ಇನ್ನಷ್ಟು ಬಿಗಿಯಾಯಿತು.

"ನಿಶ್ಮಿ?"

"ನಾ ಇಲ್ಲೇ ಇದ್ದಿದ್ದೆ ಅಮ್ಮ."

ಕುಸುಮಕ್ಕನ ನಗು ಮುಖದಿಂದ ಇಳಿಯಲು ಹೊತ್ತು ಹಿಡಿಯಿತು. "ಊರೆಲ್ಲ ನಂಗ್ ಕೊಲೆಗಾತಿ ಅಂದೇಳಿ ಹೇಳುವತ್ತಿಗೆ, ನನ್ ಪಕ್ಕ ಕೂಕಂಡ್ ಗಂಜಿ ಉಂಡಿದ್ಯಲ್ಲೇ. ಆಗ್ಲೂ ಬಾಯ್ ಬಿಟ್ಟಿಲ್ಯಾ?"

"ಹೇಳ್ರೆ ನಂಗ್ ಯಾರ್ ನಂಬ್ತ್ರ್ ಅಮ್ಮ? ಮಾವನ ನಾಡಿ ಇಳಿತಿದ್ದಿತ್ತ್. ಮದ್ದ್ ನನ್ ಕೈಯಂಗೇ ಇತ್ತ್, ಕೊಡೂಕ್ ಹೊರಟದ್ದ್. ಅಷ್ಟೊತ್ತಿಗ್ ಒಳ್ಗ್ ಬಂದ್ ನನ್ ಕೈಯಿಂದ ಅದನ್ನ ತಕಂಡ್ರ್. 'ನೀ ಇಲ್ಲಿದ್ದದ್ದ್ ಗೊತ್ತಾದ್ರೆ ನಿನ್ ಓದ್ ಮುಗೀತ್. ಹಿಂದಿನ ಬಾಗ್ಲಂಗೆ ಹೋಗ್, ಮದ್ದ್ ನಾ ಕೊಡ್ತೆ' ಅಂದ್ರ್. ನಾ ನಂಬಿದೆ ಅಮ್ಮ. ಅವ್ರ್ ಡಾಕ್ಟ್ರ್ ಅಲ್ದಾ, ನಂಬಿದೆ."

"ಯಾರು?" ಎಂದು ನಾನೂ ಭೋಜರೂ ಒಟ್ಟಿಗೇ ಕೇಳಿದೆವು.

ನಿಶ್ಮಿತಾ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು.

ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಹಾಲಿನ ಆ ಮೂಲೆಯ ಇನ್ನೊಂದು ಬಾಗಿಲು, ಯಾರೋ ಈಗಷ್ಟೇ ದಾಟಿಹೋದ ಹಾಗೆ, ನಿಧಾನವಾಗಿ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಗುರುಗಳು ತನ್ನ ಕೈ ತಡೆದರು ಎಂದು ಕೋಡಿಯಲ್ಲಿ ಹೇಳಿ ನನ್ನನ್ನು ಗೋವರ್ಧನರ ಮೇಲೆ ಛೂಬಿಟ್ಟ ರಮಿತಾ! ಯಾಕೆ ಎಂಬುದನ್ನು ಇನ್ನು ಅವರ ಬಾಯಿಂದಲೇ ಕೇಳಬೇಕಿತ್ತು.

ಭೋಜ ಆ ಬಾಗಿಲಿನ ಕಡೆ ಧಾವಿಸಿದರು. ಆದರೆ ಕುಸುಮಕ್ಕನ ದನಿ ಅವರನ್ನು ಅರ್ಧದಲ್ಲೇ ನಿಲ್ಲಿಸಿತು.

"ಇನ್ಸ್‌ಪೆಕ್ಟ್ರೇ, ಎಲ್ಲಿಗ್ ಹೋತ್ರಿ?"

ಕುಸುಮಕ್ಕ ಖಾಲಿ ಕುರ್ಚಿಯನ್ನು ತಿರುಗಿಯೂ ನೋಡಿರಲಿಲ್ಲ. ಎದ್ದು ನಿಂತಿದ್ದರು. ತಮ್ಮ ಕೈ ಹಿಡಿದಿದ್ದ ಮಗಳ ಕೈಯನ್ನು ಬಿಡಿಸಿಕೊಳ್ಳದೆ, ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಭೋಜರ ಕಡೆಗೆ ಚಾಚಿದ್ದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಾ ಮಾತ್ ಕೊಟ್ಟಾಯ್ತ್. ಮೊದ್ಲ್ ಇದ್ನ ಹಿಡೀರಿ."